ಅಜ್ಜನ ಅಂಗಿ ಬಿಚ್ಚಿದ ಟೀಚರ್

ಗದ್ದೆಯಂಚಿನಲ್ಲಿ ನಿಂತು ಕೈಗನ್ನಡಿ ತಿರುಗಿಸುತ್ತಿರುವ ಹೆಂಗಸನ್ನು ದೂರದಿಂದ ಕಂಡವರಿಗೆ, ಈ ವಯಸ್ಸಿನಲ್ಲಿ ಇದೆಂಥ ಶೃಂಗಾರ ಅನಿಸಿದರೆ ತಪ್ಪಲ್ಲ. ಸುಗುಣಾ ಟೀಚರ್ ಆ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಅದು ಬಿಸಿಲು ಹಿಡಿಯುವ ಕನ್ನಡಿ. ಹಿಡಿದ ಬಿಸಿಲನ್ನು ಹಳೆಯ ಕಲ್ಲಿನ ಮೇಲೆ ಓರೆಯಾಗಿ ಚೆಲ್ಲಿದರೆ, ಬರಿಗಣ್ಣಿಗೆ ಸಿಗದ ಅಕ್ಷರ, ಕತ್ತಿ, ಕುದುರೆ ಎಲ್ಲ ನೆರಳು ಕಟ್ಟಿಕೊಂಡು ಎದ್ದು ಬರುತ್ತಿದ್ದವು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಹೈಸ್ಕೂಲಿನ ಇತಿಹಾಸ ಸಂಘ ಅಂದರೆ ಅವರೇ. ಶನಿವಾರ ಮಧ್ಯಾಹ್ನ ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಹೂಳು ತುಂಬಿದ ಕೆರೆಯ ಮೆಟ್ಟಿಲು, ಬಳ್ಳಿ ಮುಚ್ಚಿದ ವೀರಗಲ್ಲು, ಯಾವುದಾದರೂ ಒಂದು ಚೊಕ್ಕಟವಾಗಬೇಕು. ತೆಂಗಿನ ನಾರು, ಅಂಟುವಾಳದ ನೊರೆ, ನೀರು, ಇಷ್ಟೇ ಸಲಕರಣೆ. ತಂತಿ ಬ್ರಷ್ ಹಿಡಿದವನ ಕೈಗೆ ಪೆಟ್ಟು ಬೀಳುತ್ತಿತ್ತು.

ಗಣಿತ ಕಲಿಸುತ್ತಿದ್ದ ನನ್ನನ್ನು ಈ ಸಂಘಕ್ಕೆ ಸಹಾಯಕನಾಗಿ ಹಾಕಿದ್ದು ಯಾವ ಲೆಕ್ಕದಲ್ಲೋ. ಹಾವು, ಬಾವಿ, ಕೊಡಜೇನು, ಲಾರಿ, ಪೋಷಕರು, ನನಗೆ ಎಲ್ಲದರ ಹೆದರಿಕೆ. ಬ್ಯಾಂಡೇಜು, ಮುಲಾಮು, ಸಕ್ಕರೆ-ಉಪ್ಪಿನ ಪೊಟ್ಟಣ, ಹಗ್ಗ ತುಂಬಿದ ನನ್ನ ಚೀಲಕ್ಕೆ ಮಕ್ಕಳು ‘ಸರ್ಕಾರಿ ಆಸ್ಪತ್ರೆ’ ಎಂದು ಹೆಸರಿಟ್ಟಿದ್ದರು. ಟೀಚರ್ ಅದನ್ನು ನೋಡಿ, “ಹ್ವಾಯ್ ಮಾಸ್ಟ್ರೇ, ಇತಿಹಾಸದಗೆ ಸಾಯೂಕಿದ್ದವ್ರೆಲ್ಲ ಸತ್ತಾಯ್ತ್. ನೀವ್ ಈಗ ಹೆದ್ರುದ್ ಎಂತಕೆ?” ಎನ್ನುತ್ತಿದ್ದರು.

ಹೆದರಿದ್ದಕ್ಕೆ ಕಾರಣ ಒಂದು ದಿನ ಸಿಕ್ಕಿತು.

ಒಂಬತ್ತನೇ ತರಗತಿಯ ವನಜ ವಂಡ್ಸೆ ಕಡೆಯವಳು. ತಮ್ಮ ಗದ್ದೆಯಂಚಿನ ಮರದ ಬುಡದಲ್ಲಿ ಒಂದು ಕರಿಕಲ್ಲಿದೆ, ಅದರಲ್ಲಿ ಏನೋ ಗೀರಿದ ಹಾಗಿದೆ ಎಂದಳು. ಟೀಚರ್ ಅವಳ ಅಪ್ಪಯ್ಯನ ಒಪ್ಪಿಗೆ ಕೇಳಿದರು. ಆತ, “ತೊಳಿನಿ ಮಾರಾಯ್ರೆ, ಚಂದ ಆತ್ತಲ್ದಾ” ಎಂದ. ಮಕ್ಕಳು ಉಜ್ಜಿದರು. ಕರಿ ಜಿಡ್ಡು ಪದರ ಪದರವಾಗಿ ಎದ್ದು ಹೋಗಿ, ಕತ್ತಿ ಎತ್ತಿದ ಒಬ್ಬ ಗಂಡಸು ಹೊರಬಂದ. ಮಕ್ಕಳು ಕೇಕೆ ಹಾಕಿದರು.

ಅಷ್ಟರಲ್ಲಿ ಬೈಂದೂರಿನ ಮಗಳ ಮನೆಗೆ ಹೋಗಿದ್ದ ವನಜಳ ಅಜ್ಜಿ, ಪದ್ದು ಶೆಡ್ತಿ, ಬಸ್ಸಿಳಿದು ಗದ್ದೆಯಂಚಿನಲ್ಲಿ ಬಂದರು. ಕೈಚೀಲ ನೆಲಕ್ಕೆ ಬಿತ್ತು.

“ಎಂತ ಮಾಡ್ರ್ಯೆ ಮಕ್ಳೇ! ಅಜ್ಜನ ಅಂಗಿ ಬಿಚ್ಚಿ ನಿಲ್ಸಿದ್ರಲೆ!”

ಆ ಕಲ್ಲು ಅವರಿಗೆ ವೀರಗಲ್ಲಲ್ಲ, ಮನೆ ಕಾಯುವ ಅಜ್ಜ. ಸಂಕ್ರಾಂತಿಗೊಮ್ಮೆ ಮನೆಯ ಹಿರಿ ಹೆಂಗಸು ಎಣ್ಣೆ ಎರೆದು ದೀಪ ಇಡಬೇಕು. ನಾವು ಕೊಳೆ ಎಂದು ಉಜ್ಜಿ ತೆಗೆದದ್ದು ಅವರ ಅತ್ತೆ, ಅತ್ತೆಯ ಅತ್ತೆ ಎರೆದ ಎಣ್ಣೆ.

ಮರುದಿನ ವನಜಳಿಗೆ ಜ್ವರ. ಅಜ್ಜ ಮುನಿದಿದ್ದಾನೆ ಎಂದು ಊರಿಡೀ ಸುದ್ದಿ. ಸೋಮವಾರ ಹೆಡ್‌ಮಾಸ್ಟರು ನಮ್ಮಿಬ್ಬರನ್ನು ಕರೆದು, “ಆ ಮನೆಯವರು ದೂರು ಕೊಟ್ಟರೆ ಸಂಘ ಇವತ್ತಿಗೇ ಬಂದ್” ಎಂದರು. ನನಗೆ ಅಮಾನತು, ವರ್ಗಾವಣೆ, ಪೇಪರಿನಲ್ಲಿ ನನ್ನ ಫೋಟೋ, ಅದೂ ಚಂದ ಬಾರದ ಫೋಟೋ, ಎಲ್ಲವೂ ಕಣ್ಣ ಮುಂದೆ ಬಂದವು. ಟೀಚರಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಶನಿವಾರ ಮಧ್ಯಾಹ್ನ ತಪ್ಪಿದರೆ ಅವರಿಗೆ ವಾರವೇ ಇರಲಿಲ್ಲ.

ಸಂಜೆ ನನ್ನನ್ನೂ ಎಳೆದುಕೊಂಡು ವಂಡ್ಸೆ ಬಸ್ಸು ಹತ್ತಿದರು. ಕೈಯಲ್ಲಿ ಎಣ್ಣೆಯ ಕುಪ್ಪಿ.

ಅಜ್ಜಿ ಜಗಲಿಯಲ್ಲೇ ಕೂತಿದ್ದರು. ಕೂರಿ ಎನ್ನಲಿಲ್ಲ. ಟೀಚರ್ ನೆಲದ ಮೇಲೇ ಕೂತರು.

“ತಪ್ಪಾಯ್ತ್ ಅಮ್ಮ. ಮಗನ್ ಹತ್ರ ಕೇಂಡೆ, ನಿಮ್ಮ್ ಹತ್ರ ಕೇಣ್ಲಿಲ್ಲ. ದೀಪ ಇಡುದ್ ನೀವಲ್ದಾ?”

“ಈಗ ಕೇಂಡ್ರೆ ಎಂತ ಆತ್ತ್? ಹೆಣ್ಣ್ ಜ್ವರದಗೆ ಮಲ್ಗಿತ್.”

“ಎಣ್ಣಿ ತಂದಿದ್ದೆ. ನೀವೇ ಎರೀನಿ. ಅದಕ್ಕ್ ಮುಂಚೆ ಒಂದ್ ಸಲ ಅಜ್ಜನ್ನ ಕಾಂತ್ರ್ಯಾ?”

ಬೇಡ ಟೀಚರ್, ಎಣ್ಣೆ ಕೊಟ್ಟು ಮನೆಗೆ ಹೋಪ ಎಂದು ಪಿಸುಗುಟ್ಟಿದೆ. ಅವರು ಆಗಲೇ ಗದ್ದೆಯಂಚಿಗೆ ಇಳಿದಿದ್ದರು. ಅಜ್ಜಿ ಬೈಯುತ್ತಲೇ ಹಿಂದೆ ಬಂದರು.

ಇಳಿಬಿಸಿಲನ್ನು ಕನ್ನಡಿ ಹಿಡಿಯಿತು. ಮರದ ನೆರಳಿನಲ್ಲಿ ಅಜ್ಜನ ಮೀಸೆ, ಕತ್ತಿ, ಸೊಂಟದ ಪಟ್ಟಿ ಎದ್ದು ನಿಂತವು. ಬೆಳಕು ಒಂದಿಷ್ಟು ಎಡಕ್ಕೆ ಸರಿಯಿತು. ಅಲ್ಲಿ, ಮಕ್ಕಳು ಉಜ್ಜುವಾಗ ಯಾರ ಕಣ್ಣಿಗೂ ಬೀಳದಿದ್ದ ಒಬ್ಬ ಹೆಂಗಸು.

“ಇವ್ಳ್ ಯಾರೇ?” ಅಜ್ಜಿಯ ದನಿ ಇಳಿಯಿತು.

“ಅಜ್ಜನ ಹೆಂಡ್ತಿ ಆಯಿರ್ಕ್ ಅಮ್ಮ. ಹೆಸ್ರ್ ಬರಿಲಿಲ್ಲ.”

ಪದ್ದು ಶೆಡ್ತಿ ಬಹಳ ಹೊತ್ತು ನೋಡಿದರು. “ಮದಿ ಆಯ್ ಬಂದಲ್ಲಿಂದ ಎಣ್ಣಿ ಎರಿತಾ ಇದ್ದೆ. ಅಜ್ಜ ಅಜ್ಜ ಅಂದ್ರ್, ಅಜ್ಜಿ ಇತ್ತ್ ಅಂದೇಳಿ ಒಬ್ರೂ ಹೇಳ್ಲಿಲ್ಲಲೆ.” ಸೊಂಟದ ಚೀಲದಿಂದ ಕುಂಕುಮ ತೆಗೆದು ಮೊದಲು ಅವಳಿಗೆ ಇಟ್ಟರು. ಆಮೇಲೆ ಟೀಚರ್ ಕಡೆ ತಿರುಗಿ, “ಕಂಡದ್ದ್ ಸಾಕ್. ಇನ್ನ್ ಅಂಗಿ ಹಾಕುವ” ಎಂದರು.

ಕಲ್ಲಿಗೆ ಎಣ್ಣೆ ತಾಗಿಸಿದ ಮಕ್ಕಳನ್ನು ಗದರುತ್ತಿದ್ದ ಟೀಚರ್, ಕುಪ್ಪಿಯ ಬಿರಡೆ ತೆಗೆದು ತಾವೇ ಕೊಟ್ಟರು.

“ಮತ್ತೆ ಕಾಣುವುದಿಲ್ಲವಲ್ಲ ಟೀಚರ್” ಎಂದೆ ಬಸ್ಸಿನಲ್ಲಿ.

“ಕಾಣುದಿಲ್ಲ ಅಂದೇಳಿ ಇಲ್ದೆ ಹೋತ್ತಾ ಮಾಸ್ಟ್ರೇ?” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ದೂರು ಬರಲಿಲ್ಲ. ವನಜಳ ಜ್ವರವೂ ಇಳಿಯಿತು. ಎಣ್ಣೆಯಿಂದ ಎಂದು ಅಜ್ಜಿ, ಜ್ವರದ ಗುಳಿಗೆಯಿಂದ ಎಂದು ನಾನು. “ಇಬ್ರಿಗೂ ಮಾರ್ಕ್ ಕೊಡುವ” ಎಂದರು ಟೀಚರ್. ಅಂದಿನಿಂದ ಯಾವ ಕಲ್ಲಿನ ಹತ್ತಿರ ಹೋದರೂ ಸಂಘದ ಮೊದಲ ಪ್ರಶ್ನೆ, “ಇಲ್ಲಿ ದೀಪ ಇಡುದ್ ಯಾರ್?”

ನಿವೃತ್ತರಾಗಿ ಸಾಲಿಗ್ರಾಮದ ತಮ್ಮನ ಮನೆಯಲ್ಲಿದ್ದಾಗ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಕೊನೆಯ ಸಲ ಹೋದಾಗ ನನ್ನ ಕೈ ತಡವಿ, “ಆಸ್ಪತ್ರೆ ತಂದಿದ್ರ್ಯಾ?” ಎಂದು ನಕ್ಕರು. ಚೀಲ ಹೆಗಲಲ್ಲೇ ಇತ್ತು.

ಅವರು ತೀರಿದ ವರ್ಷ ಸಂಘದ ಮಕ್ಕಳನ್ನು ವಂಡ್ಸೆಗೆ ಕರೆದೊಯ್ದೆ. ಹುಲ್ಲಿನಲ್ಲಿ ಹಾವಿದ್ದರೆ ಎಂದು ದಾರಿಯುದ್ದಕ್ಕೂ ಕೋಲು ಬಡಿದೆ. ಪದ್ದು ಶೆಡ್ತಿಯೂ ಇರಲಿಲ್ಲ. ಕಲ್ಲು ಮತ್ತೆ ದಪ್ಪ ಕರಿ ಅಂಗಿ ತೊಟ್ಟಿತ್ತು. ಕನ್ನಡಿ ಹಿಡಿದೆ, ಬರೀ ಎಣ್ಣೆ ಹೊಳೆಯಿತು. ಈಗ ದೀಪ ಇಡುವವಳು ವನಜ. ಅವಳು ಬಂದು ನಡುವಿನಲ್ಲಿ ಅಜ್ಜನಿಗೆ ಒಂದು ಬೊಟ್ಟು ಇಟ್ಟಳು. ಮತ್ತೆ ಬೆರಳನ್ನು ಕುಂಕುಮಕ್ಕೆ ಅದ್ದಿ, ಏನೂ ಕಾಣದ ಎಡಬದಿಯಲ್ಲಿ, ತಡವರಿಸದೆ, ಇನ್ನೊಂದು.