ಕೇಣಿಯಲ್ಲಿ ಗುಳಿಹುಳದ ರೆಕ್ಕೆಗಾಗಿ

ಮೇ ತಿಂಗಳ ಕೊನೆಗೆ ಕಾರವಾರದ ಹಬ್ಬುವಾಡದ ಮನೆಯಿಂದ ಹೊರಟಾಗ ನನ್ನ ಚೀಲದಲ್ಲಿ ಗಾಜಿನ ಶೀಶೆಗಳು, ಒಂದು ಭೂತಗನ್ನಡಿ, ಹಳೆಯ ಸೊಳ್ಳೆಪರದೆಯ ತುಂಡು ಇದ್ದವು. “ಬೆಟ್ಟ ಅಗೆದು ಇಲಿ ಹಿಡಿದವರ ಸುದ್ದಿ ಕೇಳಿದ್ದೆ. ನೀವು ಇಲಿಯನ್ನೂ ಬಿಟ್ಟು ಹುಳಕ್ಕೆ ಇಳಿದ್ರಿ” ಎಂದಳು ಹೆಂಡತಿ. ನಗಲು ನನಗೆ ಪುರಸೊತ್ತಿರಲಿಲ್ಲ. ಮಳೆ ಇನ್ನೇನು ಬರುವುದರಲ್ಲಿತ್ತು.

ಗುಳಿಹುಳವನ್ನು ನೀವೂ ಕಂಡಿರುತ್ತೀರಿ. ಒಣ ಮರಳಲ್ಲಿ ಆಲಿಕೆಯಂಥ ಗುಳಿ ತೋಡಿ, ತಳದಲ್ಲಿ ಅಡಗಿ, ಜಾರಿಬಿದ್ದ ಇರುವೆಯನ್ನು ಕಚ್ಚಿ ಹಿಡಿಯುವ ಬೂದು ಹುಳ ಅದು. ಹಿಂದೊಮ್ಮೆ ಅಂಕೋಲೆಯ ಹತ್ತಿರದ ಕಡಲೂರು ಕೇಣಿಯಿಂದ ತಂದ ಹುಳದ ದವಡೆಯ ಹಲ್ಲುಗಳು ಕಾರವಾರದವುಗಳಂತಿರಲಿಲ್ಲ. ಬೇರೆ ಜಾತಿಯೇ ಇರಬೇಕೆಂದು ಮುಂಬಯಿಯ ಪಂಡಿತರೊಬ್ಬರಿಗೆ ಬರೆದೆ. ಮರಿಯೊಂದನ್ನೇ ನೋಡಿ ಜಾತಿ ಹೇಳಲಾಗದು, ರೆಕ್ಕೆ ಬಂದ ಹುಳವನ್ನೂ ಅದು ಬಿಟ್ಟುಹೋದ ಗೂಡನ್ನೂ ಒಟ್ಟಿಗೆ ಕಳಿಸಿ ಎಂದರು ಅವರು. ನಾನು ಮನೆಯಲ್ಲಿ ಸಾಕಿದ್ದ ಮರಿಗಳೆಲ್ಲ ಸತ್ತಿದ್ದವು. ಒಂದು ಮಳೆ ಬಿದ್ದರೆ ಮತ್ತೆ ವರ್ಷ ಕಾಯಬೇಕು.

ಅಂಕೋಲೆಗೆ ಇಪ್ಪತ್ತು ಮೈಲಿ. ಮೋಟಾರು ಅರ್ಗಾದ ಏರಿನಲ್ಲಿ ನಿಂತು ನೀರು ಕುಡಿದು, ನಮ್ಮ ಮೇಲೆಲ್ಲ ಕೆಂಪು ದೂಳು ಸುರಿದು, ಮಧ್ಯಾಹ್ನಕ್ಕೆ ಮುಟ್ಟಿಸಿತು. ಅಲ್ಲಿಂದ ಕೇಣಿಗೆ ನಡೆದೆ. ಗಾಳಿ ಬಿದ್ದುಹೋಗಿ ವಿಪರೀತ ಸೆಕೆ.

ದಂಡೆಯ ಗುಳಿಗಳನ್ನು ಅಲೆಯೂ ಕಾಲುಗಳೂ ಅಳಿಸಿದ್ದವು. ಸೂರಿನ ಕೆಳಗಿನ ದೂಳು ಈ ಹುಳಕ್ಕೆ ಪ್ರಿಯ, ಆದರೆ ಕೇಣಿಯ ಹೆಂಗಸರು ಬೆಳಗಾದರೆ ಅಂಗಳ ಗುಡಿಸುವವರು. ಮನೆಯಿಂದ ಮನೆಗೆ ಅಲೆದು ಕೊನೆಗೆ ಊರಂಚಿನ ಒಂದು ಗುಡಿಸಲಿಗೆ ಬಂದೆ. ಅದರ ಸೂರಿನುದ್ದಕ್ಕೂ ದೂಳು ದಪ್ಪಗೆ ಕೂತಿತ್ತು, ತುಂಬ ಗುಳಿಗಳು! ಸಂತೋಷದಿಂದ ಒಂದು ಕಡ್ಡಿ ತೆಗೆದುಕೊಂಡು ಬಾಗಿದೆ.

“ಮುಟ್ಟಬೇಡ್ರಾ!”

ಜಗಲಿಯ ಮೇಲೆ ಕಡಲಿನತ್ತ ಮುಖ ಮಾಡಿ ಕೂತಿದ್ದ ಮುದುಕ ಕೂಗಿದ. ಅವನ ಹೆಸರು ಜಟ್ಟಿ. ನಾನು ಶಾಲೆಯ ಮಾಸ್ತರನೆಂದೂ ಹುಳಕ್ಕಾಗಿ ಬಂದವನೆಂದೂ ಕೇಳಿದ ಮೇಲೆ ತಣ್ಣಗಾಗಿ ಹೇಳಿದ: “ಗಂಡ್ಸು ಕಡಲಿಗೆ ಹೋದ್ರೆ, ಅವ ದಡಕ್ಕೆ ಬರೂವರೆಗೆ ನಾವು ಅಂಗಳ ಗುಡ್ಸೂದಿಲ್ಲ ಮಾಸ್ತರ್ರೇ. ನನ್ ಮಗ ದೀಪಾವಳಿ ಕಳ್ದ ಮೇಲೆ ಹೋದವ. ಜೊತೆಗೆ ಹೋದ ದೋಣಿ ಎಲ್ಲ ಬಂದ್ವು.”

ಒಳಗಿಂದ ಸೊಸೆ ದೇವಕಿ ಬಂದು ಬಾಗಿಲಲ್ಲಿ ನಿಂತಳು. “ಕೆದ್ರೂಕೆ ಬಿಡೂದಿಲ್ಲ. ಕೂತು ನೋಡೂದಾದ್ರೆ ನೋಡಿ” ಎಂದಳು.

ಹಾಗೆ ಅವರ ಜಗಲಿಯಲ್ಲೇ ಉಳಿದೆ. ಗುಳಿಗಳ ಮೇಲೆ ಸೊಳ್ಳೆಪರದೆ ಕಟ್ಟಿದೆ. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು ಊಟ. ದಿನದಿನಕ್ಕೆ ಪಡುವಣದಲ್ಲಿ ಮೋಡ ಕಟ್ಟುತ್ತ ಬಂತು. ನಾನು ಮೋಡ ನೋಡುತ್ತಿದ್ದೆ, ಜಟ್ಟಿ ನೀರು ನೋಡುತ್ತಿದ್ದ. ದೇವಕಿ ಹೋಗುವಾಗ ಬರುವಾಗ ಸೂರಿನ ದೂಳನ್ನು ದಾಟಿಯೇ ಕಾಲಿಡುತ್ತಿದ್ದಳು.

ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ದೂಳು ಅಲುಗಿತು. ಮುದುಡಿದ ಜೀವವೊಂದು ಮೇಲೆ ಬಂದು ಪರದೆಗೆ ಹತ್ತಿ ನೇತುಬಿತ್ತು. ನೋಡನೋಡುತ್ತ ಜಾಲರಿಯಂಥ ನಾಲ್ಕು ರೆಕ್ಕೆಗಳು ಬಿಚ್ಚಿದವು. ಬಡಕಲು ಏರೋಪ್ಲೇನ್ ಚಿಟ್ಟೆಯೇ ಅನ್ನಬೇಕು, ಆದರೆ ಮೀಸೆಯ ತುದಿ ದಪ್ಪ. ಭೂತಗನ್ನಡಿ ಹಿಡಿದೆ. ರೆಕ್ಕೆಯ ನರಗಳ ಮೇಲೆ, ಕಾರವಾರದ ಹುಳಕ್ಕಿಲ್ಲದ ಕಂದು ಚುಕ್ಕೆಗಳ ಸಾಲು! ಹುಳವನ್ನು ಮೆಲ್ಲಗೆ ಶೀಶೆಗೆ ಇಳಿಸಿದೆ. ಮುಂಬಯಿಯವರು ಕೇಳಿದ ಗೂಡು ಇದೇ ದೂಳಿನಲ್ಲಿದೆ ಎಂದು ಜಟ್ಟಿಗೆ ಸಡಗರದಿಂದ ಹೇಳಿದೆ.

ದೇವಕಿ ದೀಪ ಹಿಡಿದು ಪಕ್ಕದಲ್ಲಿ ನಿಂತಿದ್ದಳು. “ಇದು ತಿರ್ಗಿ ಗುಳಿಗೆ ಬರ್ತದ್ರಾ?”

“ಇಲ್ಲ ತಂಗಿ. ರೆಕ್ಕೆ ಬಂದ ಮೇಲೆ ಆ ಬದುಕು ಮುಗಿಯಿತು” ಎಂದೆ, ತರಗತಿಯಲ್ಲಿ ಹೇಳುವ ದನಿಯಲ್ಲೇ.

“ಗುಳಿ ಹಂಗೇ ಇಟ್ರೂ?”

“ಇಟ್ಟರೂ ಬರೋದಿಲ್ಲ.”

ಹೇಳಿದ ಮೇಲೆ ಯಾರಿಗೆ ಹೇಳಿದೆನೆಂದು ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ. ಅವಳು ದೀಪವನ್ನು ನನ್ನ ಹತ್ತಿರ ಇಟ್ಟು ಒಳಗೆ ಹೋದಳು. ನಾನು ಗೂಡಿನ ಮಾತನ್ನು ಮತ್ತೆ ಎತ್ತಲಿಲ್ಲ. ಅದಿಲ್ಲದೆ ಕೇಣಿಯ ಹುಳಕ್ಕೆ ಹೆಸರಿಲ್ಲದೇ ಹೋದರೆ ಹೋಗಲಿ ಅನ್ನಿಸಿತು.

ಬೆಳಿಗ್ಗೆ ಮೊದಲ ಹನಿಗಳು ಬೀಳುತ್ತಿದ್ದವು. ಚೀಲ ಹೆಗಲಿಗೇರಿಸಿದಾಗ ದೇವಕಿ ಒಂದು ತೆಂಗಿನ ಕರಟ ತಂದು ಮುಂದೆ ಹಿಡಿದಳು. ಅದರಲ್ಲಿ ಮರಳು ಮೆತ್ತಿದ, ಬಟಾಣಿ ಗಾತ್ರದ ಗೂಡು. ಬಾಯಿ ಒಡೆದಿತ್ತು, ಒಳಗೆ ಮರಿಯ ಸುಲಿದ ಚರ್ಮ ಹಾಗೇ ಇತ್ತು. ಅವಳ ಅಂಗೈಯೆಲ್ಲ ದೂಳಾಗಿತ್ತು.

“ನಿಮಗೆ ಬೇಕಂತಲ್ರಾ. ತಕಂಡು ಹೋಗಿ.”

ಕೈ ಮುಗಿದು ಹೊರಟೆ. ಬೇಲಿ ದಾಟುವಷ್ಟರಲ್ಲಿ ಹಿಂದಿನಿಂದ ಪೊರಕೆಯ ಸದ್ದು ಕೇಳಿತು. ತಿರುಗಿ ನೋಡಿದೆ. ದೇವಕಿ ಸೂರಿನ ಕೆಳಗೆ ಬಾಗಿ ಗುಡಿಸುತ್ತಿದ್ದಳು. ಜಟ್ಟಿ ಕಡಲಿಗೆ ಬೆನ್ನು ಮಾಡಿ ಕೂತಿದ್ದ.