ಚಿನಿಮಾಯಾಳ ಕಿಟಕಿ

ನೇಪಾಳದ ಭಕ್ತಪುರದ ಹಳೆಯ ಕೆತ್ತನೆಯ ಕಿಟಕಿಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ಫೋಟೋ ತೆಗೆಯುವುದು ಆಸಾಕಾಜಿಯ ಕಸುಬು. ಮಳೆ ತಿಂದ ನವಿಲುಗರಿ, ಹುಳು ಕೊರೆದ ನಾಗನ ಹೆಡೆ, ಬಿರುಕಿನಲ್ಲಿ ಕೂತ ಕುಂಕುಮ, ಇವೇ ಅವನಿಗೆ ಬೇಕು. ಮನೆಯವರು ಒರೆಸಲು ಬಟ್ಟೆ ತಂದರೆ ಸಿಡುಕುತ್ತಿದ್ದ: “ಕೈ ತೆಗೀರಿ! ಪೌಡರ್ ಹಚ್ಚಿ ಕೂರಿಸೋಕೆ ಇದೇನು ಮದುವೆ ಹೆಣ್ಣಾ?”

ಅವನ ಮನೆಯಲ್ಲೂ ಅಂಥದೊಂದು ಕಿಟಕಿಯಿತ್ತು. ಹೆಂಡತಿ ಚಿನಿಮಾಯಾ ಅದಕ್ಕೆ ತಲೆಯೊರಗಿಸಿ ಬೀದಿ ನೋಡುತ್ತಲೇ ಮುದುಕಿಯಾಗಿದ್ದಳು. ಅಲ್ಲಿ ಅವಳ ಸಾಸಿವೆ ಎಣ್ಣೆಯ ಕಪ್ಪು ಕಲೆ. ಬಳ್ಳಿಯ ಕೆತ್ತನೆಯೊಳಗೆ ಸಿಕ್ಕಿಕೊಂಡ ಅವಳ ನರೆಗೂದಲು.

“ಊರ ಕಿಟಕಿಯೆಲ್ಲ ಆಯ್ತು, ನಂದು ಯಾವಾಗ?” ಎಂದು ಚುಚ್ಚುತ್ತಿದ್ದಳು.

“ಅದೆಲ್ಲಿಗೆ ಓಡಿ ಹೋಗುತ್ತೆ?” ಎನ್ನುತ್ತಿದ್ದ.

ಅವಳು ತೀರಿಕೊಂಡಳು. ಸೂತಕದವರು ಕಸುಬಿನ ಸಾಮಾನು ಮುಟ್ಟುವ ಹಾಗಿಲ್ಲ. ಕ್ಯಾಮೆರಾ ಗೂಟದಲ್ಲಿ ತೂಗುತ್ತಿತ್ತು. ಅವನು ದಿನವಿಡೀ ಆ ಕಲೆಯನ್ನೇ ನೋಡುತ್ತ ಕೂತಿದ್ದ.

ಸೂತಕ ಕಳೆಯುವ ದಿನ ಗಂಡಸರು ನದಿಗೆ ಹೋಗಿ ತಲೆ ಬೋಳಿಸಿಕೊಂಡರು, ಹೆಂಗಸರು ಮನೆ ತೊಳೆದರು. ಆಸಾಕಾಜಿ ಮರಳಿದವನೇ ಕ್ಯಾಮೆರಾ ಹಿಡಿದು ಕಿಟಕಿಯತ್ತ ಧಾವಿಸಿದ.

ಸೊಸೆ ಸಬಿನಾ ಅಲ್ಲೇ ನಿಂತಿದ್ದಳು. “ಮಾವ, ಬೂದಿ ಹಾಕಿ ಉಜ್ಜಿದೀನಿ. ಅತ್ತೆಯ ಎಣ್ಣೆ ಕಲೆ ಜಪ್ಪಯ್ಯ ಅಂದ್ರೂ ಬಿಡ್ತಿರಲಿಲ್ಲ. ಈಗ ನೋಡಿ, ಹೊಸದರ ಹಾಗಿದೆ!”

ಬೈಯಲು ಬಾಯಿ ತೆರೆದ. ಅವಳ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

ಕ್ಯಾಮೆರಾ ಕೆಳಗಿಟ್ಟು, ಬಳ್ಳಿಯ ಕೆತ್ತನೆಗೆ ಮೂಗು ತಾಗಿಸಿದ. ಬರೀ ಬೂದಿಯ ವಾಸನೆ.