ತಾರೀಕು ಹಾಕುವ ಅನಸೂಯಮ್ಮ

ಶಿಡ್ಲಘಟ್ಟದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ರಮೇಶ್‌ಬಾಬು ಅವರ ರೇಷ್ಮೆಹುಳದ ಮೊಟ್ಟೆ ತಯಾರಿಸಿ ಮಾರುವ ಬಿತ್ತನೆ ಕೋಠಿಯಲ್ಲಿ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಬರುತ್ತಿವೆ. ಉಳಿದ ಹೆಂಗಸರು ಗಂಡು ಚಿಟ್ಟೆ, ಹೆಣ್ಣು ಚಿಟ್ಟೆ ಆರಿಸುವ ಗಡಿಬಿಡಿಯಲ್ಲಿದ್ದಾರೆ. ಅನಸೂಯಮ್ಮ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಮೂಲೆಯ ಹಳೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡುತ್ತವೆ. ಇವತ್ತು ೧೯೮೦ರ ಜನವರಿ ಒಂದು ಎನ್ನುತ್ತದೆ ಯಂತ್ರ. ತನ್ನ ಮೇಲೆ ತನಗೇ ನಂಬಿಕೆ ಸಾಲದೆ, ಸರಿಯಾದ ತಾರೀಕು ಹೇಳಿ ಎಂದು ಕಾಯುತ್ತದೆ.

"ರಾತ್ರಿ ಆರಿಸಿ ಬೆಳಿಗ್ಗೆ ಹಾಕಿದ್ರೆ ಇದಕ್ಕೆ ಎಲ್ಲಾ ಮರ್ತೋಗಿರುತ್ತೆ ಸಾರ್. ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತೆ. ದಿನಾ ಕೈ ಹಿಡಿದು ಕರ್ಕೊಂಡು ಬರ್ಬೇಕು" ಎಂದು ನನ್ನತ್ತ ತಿರುಗಿ ನಗುತ್ತಾರೆ.

ಯಂತ್ರದೊಳಗಿನ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಅಂಥದ್ದು ಈಗ ಸಿಗುವುದಿಲ್ಲವೆಂದು ಚಿಕ್ಕಬಳ್ಳಾಪುರದ ರಿಪೇರಿಯವರು ಕೈ ಚೆಲ್ಲಿದ್ದಾರೆ. ಹಾಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಕೂತು ತಾರೀಕು, ಗಂಟೆ ಎರಡನ್ನೂ ಒತ್ತಲೇಬೇಕು. ನಮ್ಮ ಕರೆಂಟಿನ ಕಥೆ ಗೊತ್ತಲ್ಲ, ಅನಸೂಯಮ್ಮನಿಗೆ ಕೆಲಸಕ್ಕೆ ಬರವಿಲ್ಲ. ತಿಂಗಳು ಮೊದಲು, ದಿನ ಆಮೇಲೆ, ವರ್ಷ ಕೊನೆಗೆ. "ಆನೆ ನಡೆದಿದ್ದೇ ದಾರಿ. ಅದು ಕೇಳಿದಂಗೇ ಕೊಡ್ಬೇಕು" ಎನ್ನುತ್ತಾ ಒಂದೇ ಬೆರಳಲ್ಲಿ ಒತ್ತುತ್ತಾರೆ.

ಆ ಬೆರಳುಗಳಿಗೆ ಸ್ಪರ್ಶವೇ ಕಡಿಮೆ. ಮದುವೆಯಾದಾಗಿನಿಂದ ರೇಷ್ಮೆ ಬಿಚ್ಚುವ ಮನೆಯಲ್ಲಿ ಕುದಿನೀರಿಗೆ ಕೈ ಅದ್ದಿ ಗೂಡಿನ ಎಳೆ ಹಿಡಿದವರು ಅವರು. ಗಂಡ ಗಂಗುಲಪ್ಪ ತೀರಿಕೊಂಡ ಮೇಲೆ, ಚರ್ಮ ಸುಲಿದ ಕೈ ನೋಡಲಾರದೆ ರಮೇಶ್‌ಬಾಬು ಕೋಠಿಗೆ ಕರೆದರು. ಕಂಪ್ಯೂಟರ್ ಕಲಿಸಿದ್ದು ರಮೇಶ್‌ಬಾಬು ಅವರ ಮಗಳು ಸೌಜನ್ಯ. "ಏಳನೇ ಕ್ಲಾಸಿಗೆ ಬಿಟ್ಟೋಳು ನಾನು. ಆ ಮಗು ಒಂದಿನಾನೂ ರೇಗಲಿಲ್ಲ. ಅದರ ಹೊಟ್ಟೆ ತಣ್ಣಗಿರ್ಲಿ" ಎನ್ನುವಾಗ ಅನಸೂಯಮ್ಮನ ಕಣ್ಣು ತುಂಬುತ್ತದೆ.

ಒಂದು ತಾರೀಕಿಗೆ ಇಷ್ಟೇಕೆ ಎಂದು ನಾನೂ ಕೇಳಿದೆ. ಮೊಟ್ಟೆ ಒಯ್ಯುವ ರೈತರಿಗೆ ಕಂಪ್ಯೂಟರ್ ಚೀಟಿ ಕೊಡುತ್ತದೆ. ಅವತ್ತಿನ ತಾರೀಕಿನಿಂದ ಲೆಕ್ಕ ಹಾಕಿ, ಮೊಟ್ಟೆ ಯಾವ ಬೆಳಿಗ್ಗೆ ಒಡೆಯುತ್ತದೆ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಅದನ್ನು ನಂಬಿಕೊಂಡೇ ರೈತರು ಎಳೇ ಹಿಪ್ಪುನೇರಳೆ ಸೊಪ್ಪು ಸಿದ್ಧಮಾಡುವುದು. ಆಗ ತಾನೇ ಹುಟ್ಟಿದ ಮರಿಗೆ ಮಧ್ಯಾಹ್ನದೊಳಗೆ ಸೊಪ್ಪು ಸಿಗದಿದ್ದರೆ ಇಡೀ ಬೆಳೆಯೇ ಹೋದಂತೆ.

ಹೋದ ಮಳೆಗಾಲದಲ್ಲಿ ಅಂಥದ್ದೇ ಆಯಿತು. ಕೋಠಿಯ ತೇವಕ್ಕೆ ಗೋಡೆಯ ಕ್ಯಾಲೆಂಡರಿನ ಹಾಳೆಗಳು ಅಂಟಿಕೊಂಡಿದ್ದವು. ಒಂದು ದಿನದ ಹಾಳೆ ಹರಿಯಲು ಹೋದರೆ ಎರಡು ಬಂದವು. ಬುಧವಾರವೇ ಕಂಪ್ಯೂಟರಿಗೆ ಗುರುವಾರದ ತಾರೀಕು ಬಿತ್ತು. ಶುಕ್ರವಾರ ಒಡೆಯುವ ಮೊಟ್ಟೆಗೆ ಶನಿವಾರವೆಂದು ಚೀಟಿ ಹೋಯಿತು. ಮರುದಿನ ಬೆಳಿಗ್ಗೆ ರೇಡಿಯೋದಲ್ಲಿ ತಾರೀಕು ಕೇಳಿದಾಗ, ಹಿಂದಿನ ದಿನವೇ ಅದನ್ನು ಹಾಕಿಬಿಟ್ಟಿದ್ದು ಅನಸೂಯಮ್ಮನಿಗೆ ಗೊತ್ತಾಯಿತು. "ಅಯ್ಯೋ ದೇವುಡಾ ಅಂತ ಓಡಿಹೋಗಿ ಸಾಹುಕಾರ್ರಿಗೆ ಹೇಳ್ದೆ. ಬೈದ್ರು. ಬೈಯ್ಲೇಬೇಕಲ್ಲ!"

ಬೈದು ಮುಗಿಸಿದ ರಮೇಶ್‌ಬಾಬು ಫೋನು ಹಿಡಿದು ಕೂತರು. ಮೊಟ್ಟೆ ಒಯ್ದವರಿಗೆಲ್ಲ ಸುದ್ದಿ ಮುಟ್ಟಿತು, ಕಳವಾರ ಎಂಬ ಹಳ್ಳಿಯ ಮುನಿಗಂಗಮ್ಮ ಒಬ್ಬರನ್ನು ಬಿಟ್ಟು. ಅವರು ಮನೆಯಲ್ಲಿದ್ದಿದ್ದರೆ ಒಡೆಯುವ ಮುನ್ನ ಬದಲಾಗುವ ಮೊಟ್ಟೆಯ ಬಣ್ಣ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಆದರೆ ಮಗಳಿಗೆ ಹೆರಿಗೆಯೆಂದು, ಚೀಟಿಯನ್ನು ನಂಬಿ, ಎಲ್ಲ ಒಟ್ಟಿಗೇ ಒಡೆಯಲೆಂದು ಮೊಟ್ಟೆಗೆ ಕಪ್ಪು ಬಟ್ಟೆ ಸುತ್ತಿಟ್ಟು ಬೀಗ ಹಾಕಿ ಚಿಂತಾಮಣಿಗೆ ಹೋಗಿದ್ದರು. ಬರುವುದು ಶುಕ್ರವಾರ ಸಂಜೆಗೆ.

ಅನಸೂಯಮ್ಮ ಅವತ್ತೇ ಕಳವಾರದ ಬಸ್ಸು ಹತ್ತಿದರು. ಪಕ್ಕದ ಮನೆಯಲ್ಲಿದ್ದ ಮುನಿಗಂಗಮ್ಮನ ಮೈದುನ ಬಯ್ಯಪ್ಪನ ಹತ್ತಿರ ಬೀಗದ ಕೈ ಇತ್ತು. ಗುರುತಿಲ್ಲದ ಹೆಂಗಸಿಗೆ ಕೊಡಲು ಅವರು ಹಿಂದೆಮುಂದೆ ನೋಡಿದರು. "ತಪ್ಪು ನಂದೇ ಕಣಣ್ಣ, ನೀನೂ ಜೊತೇಲಿ ನಿಂತ್ಕೋ, ಹುಳದ ಕೋಣೆ ಒಂದೇ ತೆಗಿ ಸಾಕು ಅಂದೆ. ಪಾಪ, ತೆಗೆದ್ರು. ಅವರ ಮನೇಲೇ ಊಟ ಹಾಕಿ ಮಲಗೋಕೆ ಚಾಪೆನೂ ಕೊಟ್ರು." ಶುಕ್ರವಾರ ಬೆಳಗಾಗುತ್ತಲೇ ಬಟ್ಟೆ ಬಿಚ್ಚಿದರೆ ಇರುವೆಯಂಥ ಕಪ್ಪು ಮರಿಗಳು ಮಿಜಿಗುಡುತ್ತಿದ್ದವು. ಬಯ್ಯಪ್ಪ ತೋಟದಿಂದ ಎಳೇ ಸೊಪ್ಪು ತಂದರು. ಅನಸೂಯಮ್ಮ ಸಣ್ಣಗೆ ಹೆಚ್ಚಿ ಉದುರಿಸಿದರು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.

"ನಾನು ಮಗಳ ಬಾಣಂತನ ಅಂತ ಹೋದ್ರೆ, ಈಯಮ್ಮ ಇಲ್ಲಿ ನನ್ನ ಹುಳದ ಬಾಣಂತನ ಮಾಡ್ತಾ ಕೂತವ್ಳೆ!" ಎಂದು ಮುನಿಗಂಗಮ್ಮ ಆ ಸಂಜೆ ನೆನೆದು ನನ್ನೆದುರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಉಡುವವರಿಗೆ ರೇಷ್ಮೆ ಎಂದರೆ ಸೀರೆ ಮಾತ್ರ. ಅದರ ಮೊದಲ ತುತ್ತು ಹೀಗೊಬ್ಬರ ಕೈಯಿಂದ ಬಂದಿರಬಹುದೆಂದು ಯಾರು ನೆನೆಯುತ್ತಾರೆ?

ಆ ಬೆಳೆ ಕೈಗೆ ಬಂತು. ಇಷ್ಟಾದರೂ ಅನಸೂಯಮ್ಮ ಇನ್ನು ಕಂಪ್ಯೂಟರ್ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದರು. ತಾರೀಕನ್ನು ರಮೇಶ್‌ಬಾಬು ಅವರೇ ಹಾಕತೊಡಗಿದ್ದರು. ಮುಂದಿನ ಬೆಳೆಯ ಮೊಟ್ಟೆಗೆ ಬಂದ ಮುನಿಗಂಗಮ್ಮ ಚೀಟಿ ಕೈಗೆ ತೆಗೆದುಕೊಳ್ಳಲೇ ಇಲ್ಲ. "ಈಯಮ್ಮನೇ ತಾರೀಕು ಹಾಕ್ಲಿ. ತಪ್ಪು ಯಾರ ಕೈಲಾದ್ರೂ ಆಗುತ್ತೆ. ಬಸ್ ಹತ್ಕೊಂಡು ಬಂದು ತಪ್ಪಾಯ್ತು ಅನ್ನೋರು ಎಷ್ಟು ಜನ ಅವ್ರೆ?" ಎಂದರು, ಎಲ್ಲರೆದುರಿಗೆ.

"ಅತ್ಬಿಟ್ಟೆ ಸಾರ್" ಎನ್ನುತ್ತಾರೆ ಅನಸೂಯಮ್ಮ. "ಅಷ್ಟು ಮಾತು ಸಾಕು ನಂಗೆ. ಇನ್ನೊಂದೇ ಆಸೆ. ಅವರ ಮೊಮ್ಮಗೂನ ಇನ್ನೂ ನೋಡಿಲ್ಲ. ಕಳವಾರಕ್ಕೆ ಇನ್ನೊಂದ್ಸಲ ಹೋಗ್ಬೇಕು, ಏನೂ ತಪ್ಪು ಮಾಡ್ದೆ!"